ಏಳು ಹೆಣಕ್ಕೆ ಏಳು ಹಾಳೆ

ಕಂಬಾಲಪಲ್ಲಿ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? 2000ದ ಮಾರ್ಚ್ 11ರಂದು, ಆಗಿನ ಕೋಲಾರ ಜಿಲ್ಲೆಯ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೆಳಕೋರ್ಟು ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಣ್ಣಾರೆ ಕಂಡವರು ಕೋರ್ಟಿನಲ್ಲಿ ತಿರುಗಿಬಿದ್ದಿದ್ದರು.

“ನಮ್ಮೋರೇ ಕೈ ಕೊಟ್ರು ಬಿಡ್ರಿ” ಅನ್ನುವವರನ್ನು ಕೇಳಿದ್ದೇನೆ. ಆ ಮಾತು ನನಗೆ ಒಗ್ಗುವುದಿಲ್ಲ. ಅದೇ ಊರಲ್ಲಿ, ಅದೇ ಬಲಿತವರ ನಡುವೆ ಬಾಳಬೇಕಾದ ಬಡವ ವರ್ಷಗಟ್ಟಲೆ ಎದೆ ಗಟ್ಟಿ ಮಾಡಿಕೊಂಡಿರಲಿ ಅನ್ನುವುದು ಯಾವ ನ್ಯಾಯ? ಮನುಷ್ಯ ಹೆದರುತ್ತಾನೆ. ಬೂದಿ ಹೆದರುವುದಿಲ್ಲ. ಆದರೆ ಬೂದಿಯನ್ನು ಮೊದಲ ದಿನವೇ ಮಾತಾಡಿಸಬೇಕು.

ಹೇಗೆ? ಮೊದಲು ಉಸಿರಿರುವವರು ಆಸ್ಪತ್ರೆಗೆ. ಆಮೇಲೆ ಸುತ್ತ ಹಗ್ಗ, ಹೋಗಿಬರಲು ಒಂದೇ ದಾರಿ. ಹೆಣ ಎತ್ತುವ ಮುಂಚೆ ಪ್ರತಿಯೊಂದಕ್ಕೂ ನಂಬರು, ಫೋಟೋ, ನಕ್ಷೆಯಲ್ಲಿ ಜಾಗ. ಒಬ್ಬೊಬ್ಬರಿಗೂ ಬೇರೆ ಶವ ಪಂಚನಾಮೆ, ಬೇರೆ ಪೋಸ್ಟ್‌ಮಾರ್ಟಂ. ಒಬ್ಬರ ಬಳೆ ಇನ್ನೊಬ್ಬರ ಚೀಲ ಸೇರಬಾರದು. ಗುರುತು ಸಿಗದಷ್ಟು ಸುಟ್ಟಿದ್ದರೆ ಹಲ್ಲು, ಮೂಳೆಯ ಡಿಎನ್‌ಎ ತೆಗೆದು ರಕ್ತಸಂಬಂಧಿಗಳ ಜೊತೆ ಹೋಲಿಸಬೇಕು. ಎಣ್ಣೆ ಕುಡಿದ ಮಣ್ಣು, ಬಟ್ಟೆ ಗಾಳಿಯಾಡದ ಡಬ್ಬಕ್ಕೆ ಬೀಳಬೇಕು. ತಡವಾದರೆ ಎಣ್ಣೆ ಆವಿಯಾಗಿ ಹೋಗುತ್ತದೆ. ಬದುಕುಳಿದವರ ಹೇಳಿಕೆ ಒಬ್ಬೊಬ್ಬರದೇ ಬೇರೆ ಬೇರೆ. ಗೌಡರ ಜಗಲಿ ಮೇಲಂತೂ ಅಲ್ಲ.

ನಾನು ಒಮ್ಮೆ ಮಹಜರಿಗೆ ಪಂಚನಾಗಿ ನಿಂತವನು. ಎರಡು ಗುಡಿಸಲು ಸುಟ್ಟಿದ್ದವು. ಎರಡಕ್ಕೂ ಒಂದೇ ಹಾಳೆ. “ಬರ್ದಾಗೈತೆ, ಸೈನ್ ಹಾಕಿ ಮೇಷ್ಟ್ರೇ” ಅಂದರು. “ಓದಿ ಹೇಳಿ ಸಾ” ಅಂದೆ. ಓದಿದರು. ಕಾಲ ಬುಡದಲ್ಲೇ ಬಿದ್ದಿದ್ದ ಸೀಮೆಎಣ್ಣೆ ಡಬ್ಬದ ಸುದ್ದಿಯೇ ಇರಲಿಲ್ಲ! ಅದನ್ನು ಬರೆಸಿದ ಮೇಲೇ ನನ್ನ ಸಹಿ ಬಿತ್ತು.

ಕಾನೂನು ಇಲ್ಲವೆಂದಲ್ಲ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ ಪ್ರಕಾರ ತನಿಖೆ ಮಾಡುವವರು ಡಿವೈಎಸ್‌ಪಿಗಿಂತ ಕೆಳಗಿನವರಾಗಿರಬಾರದು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಜಾಗಕ್ಕೇ ಬರಬೇಕು, ವಿಡಿಯೋ ಆಗಬೇಕು ಅನ್ನುತ್ತದೆ. ಅದನ್ನು ಪೂರಾ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಸಡಿಲವನ್ನೂ ಕೊಟ್ಟಿದೆ. ಬೆಂಕಿ ಹಚ್ಚುವವರು ಐದು ವರ್ಷ ಕಾಯುತ್ತಾರೆಯೇ?

ಗೆಳೆಯರೇ, ಕೇರಿಗೆ ಮೊದಲು ಓಡಿಹೋಗುವವರು ನೀವೇ. ಜನರನ್ನು ಸಮಾಧಾನ ಮಾಡಿ, ಬೂದಿ ತುಳಿಯಲು ಬಿಡಬೇಡಿ. ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಬಿಡಬೇಡಿ. ಸತ್ತ ಏಳು ಜನ ಒಂದು ರಾಶಿಯಲ್ಲ. ಏಳು ಹೆಸರು, ಏಳು ಹಾಳೆ ಕೇಳಿ.