ಮರೆವಿಗೂ ಒಂದು ಲೆಕ್ಕವಿದೆ

ಉರ್ದುವಿನಲ್ಲಿ ನೆನಪಿನ ಶಕ್ತಿಗೆ ‘ಹಾಫಿಝಾ’ ಎನ್ನುತ್ತಾರೆ. ಕುರ್‌ಆನ್ ಪೂರ್ತಿ ಬಾಯಿಪಾಠ ಮಾಡಿದವರನ್ನು ‘ಹಾಫಿಝ್’ ಎಂದು ಕರೆಯುತ್ತಾರೆ. ಎರಡೂ ಒಂದೇ ಅರಬ್ಬಿ ಮೂಲದಿಂದ ಬಂದ ಮಾತುಗಳು. ಆ ಮೂಲದ ಅರ್ಥ ಕಾಪಾಡುವುದು. ನಮ್ಮಂಥ ಮನೆಗಳಲ್ಲಿ ನೆನಪು ಚೆನ್ನಾಗಿರುವ ಮಕ್ಕಳಿಗೆ ಬಹಳ ಮರ್ಯಾದೆ. ಹೀಗಾಗಿ ಕಳೆದ ಮಳೆಗಾಲದಲ್ಲಿ, ನಾನು ಫಸ್ಟ್ ಪಿಯುಸಿಯಲ್ಲಿದ್ದಾಗ, ನನ್ನ ನೆನಪು ಕೈಕೊಡತೊಡಗಿದ್ದನ್ನು ಯಾರಿಗಾದರೂ ಹೇಳುವುದು ಸುಲಭವಾಗಿರಲಿಲ್ಲ. ನಮ್ಮ ಕಾಲೇಜಿನಲ್ಲಿ ನನ್ನಂಥವರು ಇನ್ನೂ ಕೆಲವರು ಇರಬಹುದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಪರೀಕ್ಷೆಯ ದಿನ ಉತ್ತರ ಮರೆತುಹೋಗುವುದು ಎಲ್ಲರಿಗೂ ಗೊತ್ತು. ನನಗೆ ಆಗುತ್ತಿದ್ದದ್ದು ಅದಲ್ಲ. ಬೋರ್ಡಿನ ಮೇಲಿದ್ದ ಲೆಕ್ಕವನ್ನು ಪುಸ್ತಕಕ್ಕೆ ಇಳಿಸುವಷ್ಟರಲ್ಲಿ ಮೊತ್ತ ಮರೆತುಹೋಗುತ್ತಿತ್ತು. ಅಮ್ಮಿ ಅಂಗಡಿಗೆ ಕಳಿಸಿದರೆ ಅಲ್ಲಿ ನಿಂತು ಏನು ತರಬೇಕಿತ್ತು ಎಂದು ಯೋಚಿಸಬೇಕಾಗುತ್ತಿತ್ತು. ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ಐದನೆಯ ಸಲ ಹೊಸದಾಗಿ ಓದಿದಂತೆ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ನಮಾಝ್. ಚಿಕ್ಕಂದಿನಿಂದ ಬಾಯಲ್ಲಿರುವ ಸೂರಾದ ನಡುವೆ ನಿಂತುಬಿಡುತ್ತಿದ್ದೆ; ಎರಡು ರಕಾತ್ ಆಯಿತೋ ಮೂರಾಯಿತೋ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ದಾದಿಯ ಪ್ರಕಾರ ನಜರ್ ತಗುಲಿತ್ತು, ಜೊತೆಗೆ ಬಾದಾಮಿ ಸಾಲದಾಗಿತ್ತು. ಅಬ್ಬಾನ ಪ್ರಕಾರ ಮೊಬೈಲ್ ಕಾರಣ. ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಜ್ಞಾಪಕಶಕ್ತಿಯ ಟಾನಿಕ್ ಕೊಟ್ಟರು. ಬಾಟಲಿ ಮುಗಿದರೂ ಏನೂ ಬದಲಾಗಲಿಲ್ಲ. ಟೆಸ್ಟ್‌ಗಳಲ್ಲಿ ಅಂಕ ಇಳಿಯಿತು. ‘ಇವಳಿಗೆ ಓದುವ ಮನಸ್ಸಿಲ್ಲ’ ಎಂಬ ಮಾತು ಕಿವಿಗೆ ಬಿತ್ತು. ಕಾಲೇಜು ಬಿಟ್ಟು ಹೊಲಿಗೆ ಕಲಿಯುತ್ತೇನೆ ಎಂದು ಒಂದು ರಾತ್ರಿ ಅಮ್ಮಿಯ ಹತ್ತಿರ ಹೇಳಿದೆ. ಹೊಲಿಗೆ ಕೀಳು ಕೆಲಸವೇನಲ್ಲ, ಆದರೆ ನಾನು ಅದನ್ನು ಕೇಳಿದ್ದು ಇಷ್ಟಪಟ್ಟು ಅಲ್ಲ. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಹಲೇ ಡಾಕ್ಟರ್ ಕೋ ದಿಖಾಯೇಂಗೇ” ಎಂದರು. ಮೊದಲು ಡಾಕ್ಟರಿಗೆ ತೋರಿಸೋಣ ಎಂದು. ಮಸೀದಿಯ ಹಝ್ರತ್ ಕೂಡ ದುವಾ ಮಾಡಿ, “ದವಾ ಭೀ, ದುವಾ ಭೀ” ಎಂದು ಕಳಿಸಿದರು. ಮದ್ದೂ ಬೇಕು, ಪ್ರಾರ್ಥನೆಯೂ ಬೇಕು.

ಡಾಕ್ಟರ್ ಮೇಡಂ ಮರೆವಿನ ಬಗ್ಗೆ ಕೇಳಿದ್ದು ಕಡಿಮೆ. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ, ಕೈಕಾಲು ಜುಮುಗುಟ್ಟುತ್ತವೆಯೇ, ಮುಟ್ಟಿನಲ್ಲಿ ಎಷ್ಟು ದಿನ ರಕ್ತ ಹೋಗುತ್ತದೆ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ರಕ್ತ ಪರೀಕ್ಷೆ ಬರೆದರು. ಮನಸ್ಸಿನ ಕಾಯಿಲೆ ಎನ್ನುವ ಮೊದಲು ದೇಹವನ್ನು ನೋಡಬೇಕು ಎಂದು ಅವರು ವಿವರಿಸಿದರು. ಥೈರಾಯ್ಡ್ ಗ್ರಂಥಿ ನಿಧಾನವಾದರೆ ಯೋಚನೆಯೂ ನಿಧಾನವಾಗುತ್ತದೆ, ಮಂಕು ಕವಿಯುತ್ತದೆ; ಅದು ಟಿಎಸ್‌ಎಚ್ ಎಂಬ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ವಿಟಮಿನ್ ಬಿ12 ಕಡಿಮೆಯಾದರೆ ನರಗಳಿಗೆ ತೊಂದರೆಯಾಗಿ ನೆನಪು, ಮನಸ್ಸು ಎರಡೂ ಕುಗ್ಗಬಹುದು. ಕಬ್ಬಿಣಾಂಶ ಕಡಿಮೆಯಾದರೆ ರಕ್ತಹೀನತೆ ಬಂದು ಸುಸ್ತು ಹೆಚ್ಚುತ್ತದೆ, ಗಮನ ನಿಲ್ಲುವುದಿಲ್ಲ.

ನನ್ನ ಥೈರಾಯ್ಡ್ ಸರಿಯಿತ್ತು, ಬಿ12 ಸರಿಯಿತ್ತು. ಹಿಮೋಗ್ಲೋಬಿನ್ 8.9 ಇತ್ತು. ನನ್ನ ವಯಸ್ಸಿನ ಹುಡುಗಿಗೆ ಕಡಿಮೆಯೆಂದರೂ 12 ಇರಬೇಕು. ಇದು ನನ್ನೊಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ನಮ್ಮ ತರಗತಿಯ ಹುಡುಗಿಯರ ಬೆಂಚುಗಳನ್ನು ನೋಡಿ ಈ ಸಂಖ್ಯೆಯನ್ನು ಒಮ್ಮೆ ಯೋಚಿಸಿ. ಮಾಂಸ ತಿನ್ನುವ ಮನೆಯವರಿಗೆ ರಕ್ತ ಕಡಿಮೆಯಾಗುವುದಿಲ್ಲ ಎಂಬ ಮಾತೂ ನಿಜವಲ್ಲ. ಊಟವಾದ ಕೂಡಲೇ ಚಾಯ್ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಮ್ಮ ಕೊಡಗಿನ ಕಾಫಿಗೂ ಇದೇ ಮಾತು ಅನ್ವಯಿಸುತ್ತದೆ. ಅದೇ ನಿಂಬೆ, ಕಿತ್ತಳೆ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ.

ಕಾರಣ ಸಿಕ್ಕಿತು, ಮಾತ್ರೆ ಶುರುವಾಯಿತು, ಕಥೆ ಮುಗಿಯಿತು ಎಂದು ಮನೆಯವರೆಲ್ಲ ನೆಮ್ಮದಿಯಾದರು. ಡಾಕ್ಟರ್ ಮಾತ್ರ ಅಲ್ಲಿಗೆ ನಿಲ್ಲಿಸಲಿಲ್ಲ. “ಎರಡು ವಾರಕ್ಕಿಂತ ಹೆಚ್ಚಾಗಿ ಯಾವುದರಲ್ಲೂ ಖುಷಿ ಇಲ್ಲ ಅಂತ ಅನ್ನಿಸಿದೆಯಾ?” ಎಂದು ಕೇಳಿದರು. ನನಗೆ ಉತ್ತರ ಹೇಳಲಾಗದೆ ಅಳು ಬಂತು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಮಾತಾಡುವಾಗ ಮಳೆಯ ವಿಷಯ ಬಂತು. ನಮ್ಮ ಮನೆ ಕುಶಾಲನಗರದಲ್ಲಿ, ಹೊಳೆಗೆ ಹತ್ತಿರ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡಗಳು ಜರಿದಾಗ ನಮ್ಮಲ್ಲಿ ಕಾವೇರಿ ಬಡಾವಣೆಗಳಿಗೆ ನುಗ್ಗಿದಳು. ಆಗ ನನಗೆ 10 ವರ್ಷ. ಮಾರನೆಯ ವರ್ಷ ಮತ್ತೆ ನೀರು ಬಂತು. ಅದೇ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆಯ ತೋರದಲ್ಲಿ ಗುಡ್ಡ ಕುಸಿಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟವೇ ಜಾರಿತು. ಕೊಡಗಿನ ನಮ್ಮ ವಯಸ್ಸಿನವರು ಮೂರು ಆಗಸ್ಟ್‌ಗಳನ್ನು ಹೀಗೆ ನೋಡಿಕೊಂಡು ಬೆಳೆದವರು. ಈಗಲೂ ಜೂನ್ ಬಂದರೆ ಅಮ್ಮಿ ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ನಾನು ರಾತ್ರಿ ಎದ್ದೆದ್ದು ಹಾರಂಗಿ ಜಲಾಶಯದ ಸುದ್ದಿ ನೋಡುತ್ತಿದ್ದೆ.

“ಹಾರಂಗಿ ತುಂಬುವುದು ಎಷ್ಟು ಅಡಿಗೆ?” ಎಂದು ಆಪ್ತಸಮಾಲೋಚಕಿ ಕೇಳಿದರು. “2859 ಅಡಿ” ಎಂದೆ. ನಿನ್ನೆ ಎಷ್ಟಿತ್ತು, ಮೊನ್ನೆ ಎಷ್ಟಿತ್ತು, ಎಷ್ಟು ಕ್ಯೂಸೆಕ್ ಹೊರಗೆ ಬಿಟ್ಟರು ಎಂಬುದನ್ನೆಲ್ಲ ತಡವರಿಸದೆ ಹೇಳಿದೆ. ಅವರು ನಕ್ಕು, “ನಿನ್ನ ನೆನಪು ಎಲ್ಲೂ ಹೋಗಿಲ್ಲಮ್ಮ. ಅದು ರಾತ್ರಿಯೆಲ್ಲ ಅಣೆಕಟ್ಟು ಕಾಯ್ತಾ ಇದೆ” ಎಂದರು.

ಆ ದಿನ ಅವರು ಹೇಳಿಕೊಟ್ಟದ್ದನ್ನು ನಾನು ನಮ್ಮ ಕಾಮರ್ಸ್ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ. ವ್ಯವಹಾರ ನಡೆದಾಗ ಮೊದಲು ಜರ್ನಲ್‌ನಲ್ಲಿ ಎಂಟ್ರಿ ಆಗಬೇಕು, ಆಮೇಲೆ ಅದು ಲೆಡ್ಜರ್‌ಗೆ ಹೋಗುತ್ತದೆ. ಎಂಟ್ರಿಯೇ ಆಗದಿದ್ದರೆ ಲೆಡ್ಜರ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ನೆನಪಿಗೆ ಜರ್ನಲ್ ಎಂದರೆ ಗಮನ. ನಾವು ಒಂದು ಹೊತ್ತಿಗೆ ತಲೆಯಲ್ಲಿ ಹಿಡಿದುಕೊಳ್ಳಬಹುದಾದ ವಿಷಯಗಳು ಕೆಲವೇ ಕೆಲವು. ಆ ಸ್ವಲ್ಪ ಜಾಗದಲ್ಲಿ ಆತಂಕ ಬಂದು ಕೂತರೆ ಪಾಠಕ್ಕೆ ಜಾಗವಿರುವುದಿಲ್ಲ. ಖಿನ್ನತೆಯಲ್ಲಿ ಇದರ ಜೊತೆಗೆ ಇನ್ನೊಂದು ಕಷ್ಟವಿದೆ: ಒಳಗೆ ಇರುವುದನ್ನೂ ಹೊರಗೆ ತೆಗೆಯಲು ಮನಸ್ಸು ಏಳುವುದಿಲ್ಲ. ಇನ್ನು ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆ ಕೆಟ್ಟರೆ ಆ ಪೋಸ್ಟಿಂಗ್ ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕೆ ದಡ್ಡತನ ಎಂಬ ಹೆಸರು ಸರಿಹೊಂದುವುದಿಲ್ಲ, ಸೋಮಾರಿತನ ಎಂಬುದಂತೂ ಇಲ್ಲವೇ ಇಲ್ಲ.

ಹಾಗಾದರೆ ನನ್ನ ಮರೆವಿಗೆ ಕಾರಣ ರಕ್ತವೋ, ಭಯವೋ, ಬೇಸರವೋ? ಅಬ್ಬಾ ಇದನ್ನೇ ಕೇಳಿದರು. ಡಾಕ್ಟರ್ ಒಂದೇ ಉತ್ತರ ಕೊಡಲಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವಲ್ಲ, ಇದೂ ಹಾಗೆಯೇ. ತಪ್ಪು ಒಂದೇ ಇರಬೇಕೆಂದಿಲ್ಲ. ಒಂದೊಂದನ್ನೇ ಹುಡುಕಿ ಸರಿಪಡಿಸುತ್ತಾ ಹೋದಂತೆ ಖಾತೆಯ ಬಾಕಿ ಇಳಿಯುತ್ತದೆ. ಮೂರು ತಿಂಗಳಲ್ಲಿ ನನ್ನ ಹಿಮೋಗ್ಲೋಬಿನ್ 11.8ಕ್ಕೆ ಬಂತು. ಸುಸ್ತು ಹೋಯಿತು, ಮರೆವು ಅರ್ಧದಷ್ಟು ಕಡಿಮೆಯಾಯಿತು. ಜೋರು ಮಳೆಯ ದಿನಗಳಲ್ಲಿ ಮಾತ್ರ ಮೊದಲಿನಂತೆಯೇ ಇತ್ತು. ಆ ಉಳಿದ ಭಾಗಕ್ಕೆ ಆಪ್ತಸಮಾಲೋಚನೆ ಬೇಕಾಯಿತು, ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ಮನಸ್ಸಿನ ಕಾಯಿಲೆಗೆ ನನಗೆ ಮಾತ್ರೆ ಬೇಕಾಗಲಿಲ್ಲ. ಬೇಕಾದವರು ತೆಗೆದುಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ದೇಹ, ಮನಸ್ಸು ಎರಡನ್ನೂ ಒಟ್ಟಿಗೆ ನೋಡಬೇಕೆಂಬುದು ಹೊಸ ಕಾಲದ ಮಾತು ಎಂದು ಕೆಲವರು ತಿಳಿದಿದ್ದಾರೆ. ಈಗಿನ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ಕಡೆಯ ಅಬೂ ಝೈದ್ ಅಲ್-ಬಲ್ಖೀ ಎಂಬ ವಿದ್ವಾಂಸರು ಸಾವಿರ ವರ್ಷಗಳಿಗೂ ಹಿಂದೆ ಇದೇ ವಿಷಯಕ್ಕೆ ಒಂದು ಗ್ರಂಥ ಬರೆದಿದ್ದರು. ಅವರು ತೀರಿಕೊಂಡದ್ದು 934ರಲ್ಲಿ. ಮೈಗೆ ಕಾಯಿಲೆ ಬರುವಂತೆ ಮನಸ್ಸಿಗೂ ಬರುತ್ತದೆ, ಒಂದು ಕೆಟ್ಟರೆ ಇನ್ನೊಂದಕ್ಕೂ ತಟ್ಟುತ್ತದೆ ಎಂದು ವಿವರಿಸಿದರು. ಆಪತ್ತಿಗೆಂದು ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವಂತೆ, ಆರೋಗ್ಯವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಳ್ಳಿ ಎಂಬುದು ಅವರ ಸಲಹೆ.

ನನಗೆ ಉಪಯೋಗಕ್ಕೆ ಬಂದ ಕೆಲವು ವಿಷಯಗಳನ್ನು ಹೇಳುತ್ತೇನೆ. ನನ್ನ ಚಾಚಾನ ಮಗ ಮದ್ರಸಾದಲ್ಲಿ ಹಿಫ್ಝ್ ಮಾಡುತ್ತಿದ್ದಾನೆ. ಅಲ್ಲಿ ದಿನಕ್ಕೆ ಮೂರು ಪಾಲು: ಆ ದಿನದ ಹೊಸ ಪಾಠ ಸಬಖ್, ಹತ್ತಿರದ ದಿನಗಳ ಪಾಠ ಸಬ್ಖಿ, ತುಂಬ ಹಿಂದಿನದು ಮಂಜಿಲ್. ಹೊಸದನ್ನು ಎಷ್ಟೇ ಕಲಿತರೂ ಹಳೆಯದನ್ನು ಒಪ್ಪಿಸದೆ ಬಿಡುವುದಿಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ್ದೂ ಇದಕ್ಕೆ ಹೊಂದುತ್ತದೆ: ಕಲಿತದ್ದರಲ್ಲಿ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಜಾರಿಹೋಗುತ್ತದೆ, ಆಮೇಲೆ ಜಾರುವ ವೇಗ ಕಡಿಮೆಯಾಗುತ್ತದೆ. ನಾನೀಗ ಅಕೌಂಟೆನ್ಸಿಯನ್ನೂ ಸಬಖ್, ಸಬ್ಖಿ, ಮಂಜಿಲ್ ಎಂದು ಹಂಚಿಕೊಂಡು ಓದುತ್ತೇನೆ. ಪುಸ್ತಕ ಮುಚ್ಚಿ, ನೆನಪಿನಿಂದ ಬರೆದು, ಆಮೇಲೆ ತೆರೆದು ನೋಡುತ್ತೇನೆ.

ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದೇನೆ. ಬರೆದಿಡುವುದರಿಂದ ತಲೆಯ ಭಾರ ಇಳಿಯುತ್ತದೆ. ಹಾರಂಗಿಯ ಸುದ್ದಿಗೆ ಸಂಜೆ 15 ನಿಮಿಷ ಗೊತ್ತುಮಾಡಿದ್ದೇನೆ. ಅದರಾಚೆ ನೋಡುವ ಕೆಲಸ ಅಬ್ಬಾನದು. ಮೊಬೈಲ್ ರಾತ್ರಿ ಅವರ ಕೋಣೆಯಲ್ಲೇ ಇರುತ್ತದೆ. ಊಟಕ್ಕೂ ಚಾಯ್‌ಗೂ ಒಂದು ಗಂಟೆ ಅಂತರ. ಒಬ್ಬ ಉಪನ್ಯಾಸಕಿಗೆ ಎಲ್ಲವನ್ನೂ ಹೇಳಿದ್ದೇನೆ. ಪಾಠ ಮುಗಿದ ಮೇಲೆ ಅವರು ಬೋರ್ಡನ್ನು ಐದು ನಿಮಿಷ ಅಳಿಸದೆ ಬಿಡುತ್ತಾರೆ. ಈ ಸಣ್ಣ ಸಹಾಯದ ಬೆಲೆ ಅವರಿಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ.

ನಮಾಝಿನ ವಿಷಯದಲ್ಲಿ ಸಮಾಧಾನ ಕೊಟ್ಟದ್ದು ದಾದಿ. ನಮಾಝ್ ಮಾಡುವಾಗ ಮರೆವಿನಿಂದ ಲೆಕ್ಕ ತಪ್ಪಿದರೆ ಕೊನೆಗೆ ಎರಡು ಸಜ್ದಾ ಹೆಚ್ಚು ಮಾಡುವ ಕ್ರಮವಿದೆ. ಅದಕ್ಕೆ ಸಜ್ದಾ ಸಹ್ವ್ ಎನ್ನುತ್ತಾರೆ. ಸಹ್ವ್ ಎಂದರೆ ಮರೆವು. “ಮನುಷ್ಯ ಮರೀತಾನೆ ಅಂತ ಅಲ್ಲಾಹನಿಗೆ ಮೊದಲೇ ಗೊತ್ತು, ಅದಕ್ಕೇ ದಾರಿ ಇಟ್ಟಿದ್ದಾನೆ. ನೀನ್ಯಾಕೆ ಇಷ್ಟು ಹೆದರ್ತೀ?” ಎಂದು ದಾದಿ ಉರ್ದುವಿನಲ್ಲಿ ಗದರಿದರು. ಬಾದಾಮಿಯನ್ನೂ ಅವರು ನಿಲ್ಲಿಸಿಲ್ಲ, ನಾನೂ ತಿನ್ನುತ್ತಿದ್ದೇನೆ.

ಸ್ನೇಹಿತರೇ, ಮರೆವು ವಾರಗಟ್ಟಲೆ ಕಾಡುತ್ತಿದ್ದರೆ ಟಾನಿಕ್ ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ರಿಪೋರ್ಟ್ ಎಲ್ಲ ಸರಿಯಿದ್ದರೆ ‘ಏನೂ ಇಲ್ಲ’ ಎಂದು ಮನೆಗೆ ಬರಬೇಡಿ, ನಿದ್ದೆ ಮತ್ತು ಮನಸ್ಸಿನ ಮಾತನ್ನೂ ಡಾಕ್ಟರಿಗೆ ಹೇಳಿ. ತಲೆಗೆ ಪೆಟ್ಟು ಬಿದ್ದ ಮೇಲೆ, ಫಿಟ್ಸ್ ಬಂದ ಮೇಲೆ ಅಥವಾ ಜೋರು ಜ್ವರದಲ್ಲಿ ಮರೆವು, ಗೊಂದಲ ಕಂಡರೆ ಒಂದು ದಿನವೂ ಕಾಯಬಾರದು. ಬದುಕೇ ಬೇಡ ಎಂಬ ಯೋಚನೆ ಬಂದರೆ ಕೂಡಲೇ ಹತ್ತಿರದವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಉಪನ್ಯಾಸಕರಲ್ಲಿ ಒಂದು ವಿನಂತಿ. ಚೆನ್ನಾಗಿ ಓದುತ್ತಿದ್ದ ವಿದ್ಯಾರ್ಥಿ ಇದ್ದಕ್ಕಿದ್ದಂತೆ “ನೆನಪಿಲ್ಲ ಸರ್” ಎನ್ನತೊಡಗಿದರೆ, ಯಾಕೆ ಓದಿಲ್ಲ ಎಂದು ಕೇಳುವ ಮೊದಲು ರಾತ್ರಿ ನಿದ್ದೆ ಬಂತಾ ಎಂದು ಒಮ್ಮೆ ಕೇಳಿ. ಆ ಪ್ರಶ್ನೆಗೆ ಉತ್ತರ ಎಲ್ಲರಿಗೂ ನೆನಪಿರುತ್ತದೆ.