ಶಿಬಿರಾಗ್ನಿಯ ಸುತ್ತ ಒಂದು ಸೆನೆಟ್

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನ ಎನ್‌ಎಸ್‌ಎಸ್ ಶಿಬಿರ ಚಿತ್ರದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ನಡೆಯಿತು. ಸರ್ಕಾರಿ ಶಾಲೆಯಲ್ಲಿ ಬಿಡಾರ. ಹಗಲೆಲ್ಲ ಚರಂಡಿ ತೆಗೆಯುವುದು, ಗಿಡಕ್ಕೆ ಗುಂಡಿ ತೋಡುವುದು. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಶಿಬಿರಾಗ್ನಿ. ಕೊನೆಯ ರಾತ್ರಿಯ ಹೊತ್ತಿಗೆ ಹಾಡು, ನಾಟಕ, ಅಂತ್ಯಾಕ್ಷರಿ ಎಲ್ಲ ಮುಗಿದುಹೋಗಿದ್ದವು. ನಮ್ಮ ಇತಿಹಾಸದ ಮೇಷ್ಟ್ರೇ ಶಿಬಿರಾಧಿಕಾರಿ. ಆವತ್ತು ಬೆಳಿಗ್ಗೆ ನಮ್ಮನ್ನೆಲ್ಲ ಚಂದ್ರವಳ್ಳಿಗೆ ಕರೆದುಕೊಂಡು ಹೋಗಿದ್ದರು. ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯಲ್ಲಿ ಕದಂಬ ಮಯೂರಶರ್ಮನ ಶಾಸನ ತೋರಿಸಿದರು. ಆ ಜಾಗದಲ್ಲಿ ಮೊದಲು ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದ್ದು, ಶಾತವಾಹನರ ಕಾಲದ ಆ ಊರಿನಲ್ಲಿ ರೋಮಿನ ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿದ್ದು, ಎಲ್ಲ ಹೇಳಿದ್ದರು.

ರಾತ್ರಿ ಬೆಂಕಿಯ ಮುಂದೆ ಹೊಸದುರ್ಗದ ಹುಡುಗನೊಬ್ಬ ಕೇಳಿದ: “ಸಾರ್, ರೋಮಿನವರು ರಾಜನ್ನ ಓಡಿಸಿ ಗಣರಾಜ್ಯ ಮಾಡಿಕೊಂಡರು ಅಂತ ನೋಟ್ಸ್‌ನಲ್ಲಿದೆ. ಮತ್ತೆ ಈ ಚಕ್ರವರ್ತಿ ಎಲ್ಲಿಂದ ಬಂದ? ಗಣರಾಜ್ಯ ರದ್ದು ಮಾಡಿದ್ದು ಯಾರು?”

“ಯಾರೂ ರದ್ದು ಮಾಡಲಿಲ್ಲ ಕಣಪ್ಪ. ಅದೇ ಅದರ ಕಥೆ. ಎಲ್ಲರೂ ಹತ್ತಿರ ಬನ್ನಿ” ಅಂದರು ಮೇಷ್ಟ್ರು.

ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ರೋಮಿನ ಆಡಳಿತ ಅಂತ ನಾನು ಏನಾದರೂ ಕಲಿತಿದ್ದರೆ ಅದು ಆ ಅಂಗಳದಲ್ಲಿ.

ಮೊದಲು ಇಬ್ಬರು ಕಾನ್ಸಲರು ಬೇಕು ಅಂದರು. ಪ್ರಶ್ನೆ ಕೇಳಿದ ಹೊಸದುರ್ಗದವನೊಬ್ಬ, ನನ್ನ ಹಿರಿಯೂರಿನ ಗೆಳತಿ ಇನ್ನೊಬ್ಬಳು. ರೋಮಿನಲ್ಲಿ ಹೆಂಗಸರಿಗೆ ಮತವೂ ಇರಲಿಲ್ಲ, ಪದವಿಯೂ ಇರಲಿಲ್ಲ. ನಮ್ಮಲ್ಲಿ ಇರಲಿ ಅಂದರು. ಕ್ರಿ.ಪೂ. 509ರಲ್ಲಿ ಕೊನೆಯ ರಾಜನನ್ನು ಓಡಿಸಿದ ಮೇಲೆ ರೋಮನ್ನರು ಅವನ ಅಧಿಕಾರವನ್ನು ಅರ್ಧರ್ಧ ಹಂಚಲಿಲ್ಲವಂತೆ. ಇಬ್ಬರಿಗೂ ಪೂರ್ತಿ ಅಧಿಕಾರ ಕೊಟ್ಟರು, ಆದರೆ ಒಬ್ಬ ಮಾಡಹೊರಟಿದ್ದನ್ನು ಇನ್ನೊಬ್ಬ ತಡೆಯಬಹುದು, ಅವಧಿ ಬರೀ ಒಂದು ವರ್ಷ. ಸೌದೆ ರಾಶಿಯಿಂದ ತೆಳ್ಳನೆಯ ಹೊಂಗೆ ಕಡ್ಡಿಗಳನ್ನು ಆಯಿಸಿ, ಹುರಿಯಲ್ಲಿ ಬಿಗಿಸಿ, ಎರಡು ಕಟ್ಟು ಮಾಡಿಸಿದರು. ಒಂದರ ನಡುವೆ ಅಡುಗೆಯವರ ಮಚ್ಚು ಸಿಕ್ಕಿಸಿದರು. ಕಾನ್ಸಲ್ ಹೊರಟರೆ ಮುಂದೆ ಹನ್ನೆರಡು ಜನ ಇಂಥ ಕಟ್ಟು ಹೊತ್ತು ನಡೆಯುತ್ತಿದ್ದರು. ಲಿಕ್ಟರುಗಳು ಅಂತ ಅವರ ಹೆಸರು. ಕಡ್ಡಿ ಹೊಡೆಯಲಿಕ್ಕೆ, ಕೊಡಲಿ ತಲೆ ತೆಗೆಯಲಿಕ್ಕೆ. ಗೆಳತಿ ಕಟ್ಟು ಎತ್ತಿಕೊಂಡು ನಾವು ಕೂತಿದ್ದ ವೃತ್ತದೊಳಕ್ಕೆ ಕಾಲಿಟ್ಟಳು. “ನಿಲ್ಲಮ್ಮ, ಈಗ ನೀನು ರೋಮ್ ನಗರದೊಳಗೆ ಬಂದೆ” ಎಂದು ಮೇಷ್ಟ್ರು ಮಚ್ಚನ್ನು ಎಳೆದುಕೊಂಡರು. ಊರಾಚೆ, ದಂಡಿನಲ್ಲಿ, ಸೈನಿಕನ ಪ್ರಾಣ ಕಾನ್ಸಲನ ಕೈಯಲ್ಲಿ. ನಗರದೊಳಗೆ ಹಾಗಲ್ಲ, ಮರಣದಂಡನೆಗೆ ಗುರಿಯಾದ ಪ್ರಜೆ ಜನಸಭೆಗೆ ಮೊರೆ ಹೋಗಬಹುದಿತ್ತು. ಅದಕ್ಕೇ ಅಲ್ಲಿ ಕಟ್ಟಿನೊಳಗೆ ಕೊಡಲಿ ಇಡುವಂತಿರಲಿಲ್ಲ. ಸಂವಿಧಾನವೆಂಬುದು ಹೀಗೆ ಕಣ್ಣಿಗೂ ಕಾಣಬಲ್ಲದು ಅಂತ ನನಗೆ ಅನ್ನಿಸಿದ್ದು ಆ ಮಚ್ಚು ಸರಕ್ಕನೆ ಹೊರಬಂದಾಗ.

ಒಂದು ವರ್ಷದ ಪದವಿ ಮುಗಿಸಿದವರೆಲ್ಲ ಹೋಗಿ ಕೂರುತ್ತಿದ್ದದ್ದು ಸೆನೆಟ್‌ನಲ್ಲಿ, ಜೀವಮಾನವಿಡೀ. ಅದು ಕಾನೂನು ಮಾಡುವ ಸಭೆಯಲ್ಲ, ಸಲಹೆ ಹೇಳುವ ಸಭೆ. ಆದರೆ ಬೊಕ್ಕಸ, ಹೊರನಾಡುಗಳು, ಯುದ್ಧದ ವಿಚಾರವೆಲ್ಲ ಆ ಸಲಹೆಯ ಮೇಲೇ ನಡೆಯುತ್ತಿತ್ತು. ಹತ್ತಿಪ್ಪತ್ತು ಜನರನ್ನು ಚಾಪೆಯ ಮೇಲೆ ಕೂರಿಸಿದರು. ನನ್ನನ್ನು ಟ್ರಿಬ್ಯೂನ್ ಮಾಡಿದರು.

ಟ್ರಿಬ್ಯೂನ್ ಅಂದರೆ ಸಾಮಾನ್ಯ ಜನರ ಕಾವಲು. ಕುಲೀನರ ಕಾಟ ತಾಳಲಾರದೆ ಪ್ಲೆಬಿಯನ್ನರು ಕ್ರಿ.ಪೂ. 494ರಲ್ಲಿ ಊರು ಬಿಟ್ಟು ಗುಡ್ಡದ ಮೇಲೆ ಹೋಗಿ ಕೂತು, ಹಟ ಹಿಡಿದು ಪಡೆದುಕೊಂಡ ಪದವಿ ಅಂತ ಪರಂಪರೆ. ಅವನಿಗೆ ದಂಡಿಲ್ಲ, ಕಟ್ಟಿಲ್ಲ, ಕೊಡಲಿಯಿಲ್ಲ. ಇರುವುದು ತಡೆಯುವ ಶಕ್ತಿ ಒಂದೇ. ಕಾನ್ಸಲನ ಆಜ್ಞೆಯಿರಲಿ, ಸೆನೆಟ್‌ನ ನಿರ್ಣಯವಿರಲಿ, ಅವನು ಎದ್ದು ನಿಂತು ಬೇಡ ಅಂದರೆ ಅಲ್ಲಿಗೆ ನಿಂತಿತು. ಅವನ ಮೈಮುಟ್ಟಿದವನು ದೇವರಿಗೆ ಅಪರಾಧ ಮಾಡಿದವನು. “ಪರೀಕ್ಷೆ ಮಾಡೋಣ” ಎಂದು ಮೇಷ್ಟ್ರು ಕಣ್ಣುಸನ್ನೆ ಮಾಡಿದರು. ಹೊಸದುರ್ಗದವನು, ಎಲ್ಲರೂ ಈಗಲೇ ಎದ್ದು ಪಾತ್ರೆ ತೊಳೆಯಬೇಕು ಅಂತ ಗಂಟಲು ಬಿಟ್ಟು ಆಜ್ಞೆ ಮಾಡಿದ. ನಾನು ಎದ್ದು “ತಡೆ” ಅಂದೆ. ಒಬ್ಬರೂ ಏಳಲಿಲ್ಲ. ಅಂಗಳವೆಲ್ಲ ಚಪ್ಪಾಳೆ. ಬಡವರ ಮನೆಯ ಹುಡುಗಿ ನಾನು. ಒಂದು ಮಾತಿಗೆ ಅಷ್ಟು ಬಲವಿರುವುದು ನನಗೆ ಹೊಸದು. ಎಷ್ಟು ಹೊತ್ತಾದರೂ ನಿಂತೇ ಇದ್ದೆ.

ಆಗಲೇ ಅವರು ಕ್ರಿ.ಪೂ. 133ರ ಕಥೆ ಹೇಳಿದ್ದು. ವರ್ಷಗಟ್ಟಲೆ ದಂಡಿನಲ್ಲಿ ಕಳೆದು ಬಂದ ರೈತ ಸೈನಿಕನ ಹೊಲ ಪಾಳು ಬಿದ್ದಿರುತ್ತಿತ್ತು, ಇಲ್ಲವೇ ಸಾಹುಕಾರನ ಪಾಲಾಗಿರುತ್ತಿತ್ತು. ಸಾಹುಕಾರ ಗುಲಾಮರಿಂದ ಬೇಸಾಯ ಮಾಡಿಸುತ್ತಿದ್ದ. ತಿಬೇರಿಯಸ್ ಗ್ರಾಕಸ್ ಎಂಬ ಟ್ರಿಬ್ಯೂನ್, ಮಿತಿ ಮೀರಿ ಹಿಡಿದುಕೊಂಡ ಸರ್ಕಾರಿ ಭೂಮಿಯನ್ನು ಬಿಡಿಸಿ ಬಡವರಿಗೆ ಹಂಚಲು ಕಾನೂನು ತಂದ. ಸೆನೆಟರುಗಳು ಬೆಂಚಿನ ಕಾಲು ಮುರಿದುಕೊಂಡು ಬಂದು ಅವನನ್ನು ಹೊಡೆದು ಕೊಂದರು. ಅವನ ಜೊತೆ ನೂರಾರು ಜನ ಸತ್ತರು. ಹೆಣಗಳನ್ನು ರಾತ್ರಿ ಟೈಬರ್ ನದಿಗೆ ಎಸೆದರು. ಮುಟ್ಟಬಾರದವನನ್ನು ಮುಟ್ಟಿದ್ದಾಯಿತು, ಆಕಾಶ ಕಳಚಿ ಬೀಳಲಿಲ್ಲ. ಹನ್ನೆರಡು ವರ್ಷದ ಮೇಲೆ ತಮ್ಮ ಗೇಯಸ್‌ನ ಗತಿಯೂ ಹೆಚ್ಚುಕಡಿಮೆ ಅದೇ ಆಯಿತು.

ಮುಂದಿನ ಒಂದು ಶತಮಾನವನ್ನು ಮೇಷ್ಟ್ರು ಬೇಗ ದಾಟಿಸಿದರು. ಮಾರಿಯಸ್ ಭೂಮಿಯಿಲ್ಲದವರನ್ನು ದಂಡಿಗೆ ಸೇರಿಸಿಕೊಂಡ. ಯುದ್ಧ ಮುಗಿದ ಮೇಲೆ ಅವರಿಗೆ ಜಮೀನು ಕೊಡಿಸುವವನು ಸೇನಾಪತಿಯೇ ಹೊರತು ಸೆನೆಟ್ ಅಲ್ಲ, ಹಾಗಾಗಿ ನಿಷ್ಠೆಯೂ ಅವನಿಗೇ. ಸುಲ್ಲಾ ಕ್ರಿ.ಪೂ. 88ರಲ್ಲಿ ತನ್ನ ದಂಡನ್ನು ತನ್ನ ಊರಿನ ಮೇಲೇ ನುಗ್ಗಿಸಿದ. ಸೀಸರ್ 49ರಲ್ಲಿ ರುಬಿಕನ್ ಹೊಳೆ ದಾಟಿದ, ಆಜೀವ ಡಿಕ್ಟೇಟರ್ ಅನ್ನಿಸಿಕೊಂಡ, 44ರ ಮಾರ್ಚ್ 15ರಂದು ಸೆನೆಟ್ ಸಭೆಯಲ್ಲೇ ಇರಿತಕ್ಕೆ ಸತ್ತ.

ಇಷ್ಟಾದ ಮೇಲೆ ಅವರು ಎಬ್ಬಿಸಿದ್ದು ಚಳ್ಳಕೆರೆಯ ಹುಡುಗನನ್ನು. ಶಿಬಿರದುದ್ದಕ್ಕೂ ಸೌದೆಯ ಉಸ್ತುವಾರಿ ಅವನದು. ಬೆಂಕಿಗೆ ಎಷ್ಟು ಹಾಕಬೇಕು, ಒಲೆಗೆ ಎಷ್ಟು ಕೊಡಬೇಕು ಎಲ್ಲ ಅವನೇ. ಸೌದೆ ಹೊರುವ ನಾಲ್ಕು ಹುಡುಗರು ಅವನ ಮಾತು ಕೇಳುತ್ತಿದ್ದರು. “ಇವನೇ ಅಗಸ್ಟಸ್, ಸೀಸರ್ ಸತ್ತ ಮೇಲೆ ಅಧಿಕಾರ ಹಿಡಿದವನು” ಅಂದರು. ಕಾನ್ಸಲರ ಕೈಯಿಂದ ಕಟ್ಟು ಕಿತ್ತುಕೊಳ್ಳುತ್ತಾನೆ ಅಂತ ನಾವು ಕಾದೆವು. ಅವನಿಗೆ ಮೇಷ್ಟ್ರು ಹೇಳಿದ್ದೇ ಬೇರೆ: “ಯಾರನ್ನೂ ಏಳಿಸಬೇಡಪ್ಪ. ಎಲ್ಲರೂ ಅವರವರ ಜಾಗದಲ್ಲೇ ಇರಲಿ.”

ಕ್ರಿ.ಪೂ. 27ರಲ್ಲಿ ಆಗಿದ್ದು ಇದೇ. ಗಣರಾಜ್ಯವನ್ನು ಸೆನೆಟ್‌ಗೂ ಜನರಿಗೂ ಮರಳಿಸಿದೆ ಅಂತ ಅವನು ಸಾರಿದ. ಅವರು ಅವನಿಗೆ ಅಗಸ್ಟಸ್ ಎಂಬ ಬಿರುದು ಕೊಟ್ಟರು, ಜೊತೆಗೆ ಹೆಚ್ಚಿನ ದಂಡು ಬೀಡುಬಿಟ್ಟಿದ್ದ ಗಡಿನಾಡುಗಳನ್ನೂ ವಹಿಸಿದರು. ವರ್ಷವರ್ಷವೂ ಕಾನ್ಸಲರ ಚುನಾವಣೆ ನಡೆಯಿತು, ಸೆನೆಟ್ ಕೂಡಿತು. ಕ್ರಿ.ಪೂ. 23ರಲ್ಲಿ ಅವನು ಟ್ರಿಬ್ಯೂನ್ ಆಗದೆಯೇ ಟ್ರಿಬ್ಯೂನನ ಅಧಿಕಾರವನ್ನು ಪಡೆದುಕೊಂಡ. “ಈಗ ನೀನು ಏಳಮ್ಮ” ಎಂದು ಮೇಷ್ಟ್ರು ನನಗೆ ಹೇಳಿದರು. ನಾನು ಎದ್ದು “ತಡೆ” ಅಂದೆ. ಚಳ್ಳಕೆರೆಯವನು ಕೂತಲ್ಲಿಂದಲೇ “ಅದಕ್ಕೆ ತಡೆ” ಅಂದ. ಎಲ್ಲರೂ ಅವನ ಮುಖ ನೋಡಿದರು, ನನ್ನ ಮುಖ ಯಾರೂ ನೋಡಲಿಲ್ಲ. ನನ್ನ ಜಾಗವನ್ನು ಯಾರೂ ಕಸಿದುಕೊಂಡಿರಲಿಲ್ಲ. ಅವಮಾನವಾದದ್ದು ಅದಕ್ಕೇ. ಕಿತ್ತುಕೊಂಡಿದ್ದರೆ ಜಗಳವಾಡಬಹುದಿತ್ತು.

ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು ನಮ್ಮನ್ನೆಲ್ಲ ಕೇಳಿದರು: “ಇವನು ನಾಳೆ ಸತ್ತ ಅಂದ್ಕೊಳ್ಳಿ. ಮುಂದೆ ಯಾರು?”

ಮಗ ಅಂತ ಯಾರೋ ಅಂದರು. ಮಗನಿಗೆ ಕೊಡಲು ಇದು ರಾಜ್ಯವಲ್ಲ, ಕಾನೂನಿನ ಪ್ರಕಾರ ಇಲ್ಲಿ ರಾಜನೇ ಇಲ್ಲ. ಚುನಾವಣೆ ಅಂದರು. ಇರುವ ಪದವಿಗಳಿಗೆಲ್ಲ ಚುನಾವಣೆ ಇದೆ, ಇವನು ಕೂತಿರುವ ಪದವಿಗೆ ಹೆಸರೇ ಇಲ್ಲವಲ್ಲ. ಸೆನೆಟ್ ಅಂದರು. ಸೆನೆಟ್‌ಗೆ ದಂಡಿಲ್ಲ. ನಾವು ಸುಮ್ಮನಾದೆವು. ಆಗ ಅವರು ಡೈರಿಯೊಳಗಿನಿಂದ ಒಂದು ಫೋಟೋ ತೆಗೆದು ಟಾರ್ಚ್ ಬೆಳಕಿನಲ್ಲಿ ಹಿಡಿದರು. ಅಗಸ್ಟಸ್‌ನ ಬೆಳ್ಳಿ ಡೆನಾರಿಯಸ್. ಭಾರತದಲ್ಲಿ ಸಿಕ್ಕಿರುವ ಅವನ ನಾಣ್ಯಗಳಲ್ಲಿ ಬಹುಪಾಲು ಈ ಬಗೆಯವೇ. ಒಂದು ಕಡೆ ಹಾರ ಮುಡಿದ ಅವನ ತಲೆ. ಇನ್ನೊಂದು ಕಡೆ ನಿಲುವಂಗಿ ತೊಟ್ಟ ಇಬ್ಬರು ಹುಡುಗರು, ನಡುವೆ ನೆಲಕ್ಕೂರಿದ ಎರಡು ಗುರಾಣಿ, ಹಿಂದೆ ಈಟಿಗಳು. ಅಗಸ್ಟಸ್ ದತ್ತು ತೆಗೆದುಕೊಂಡ ಮಗಳ ಮಕ್ಕಳು, ಗೇಯಸ್ ಮತ್ತು ಲೂಸಿಯಸ್. ಅಂಚಿನ ಅಕ್ಷರಗಳು ಅವರನ್ನು ಮುಂದಿನ ಕಾನ್ಸಲರು ಎಂದು ಸಾರುತ್ತವೆ. ಗಣರಾಜ್ಯದ ಕೊನೆಗಾಲದಲ್ಲಿ ನಲವತ್ತೆರಡು ವರ್ಷ ತುಂಬದೆ ಆ ಪದವಿಗೆ ನಿಲ್ಲುವಂತಿರಲಿಲ್ಲ. ಗೇಯಸ್‌ಗೆ ಅದನ್ನು ಮೀಸಲಿಟ್ಟಾಗ ಅವನಿಗೆ ಹದಿನಾಲ್ಕು. ಹೀಗೆ ಕಾನೂನಿನಲ್ಲಿ ಬರೆಯಲಾಗದ ಉತ್ತರಾಧಿಕಾರವನ್ನು ನಾಣ್ಯದ ಮೇಲೆ ಬರೆದದ್ದಾಯಿತು. ಲೂಸಿಯಸ್ ಕ್ರಿ.ಶ. 2ರಲ್ಲಿ ಸತ್ತ, ಗೇಯಸ್ 4ರಲ್ಲಿ. ಆ ನಾಣ್ಯಗಳು ಮಾತ್ರ ಮೆಣಸು, ಮುತ್ತು, ಹತ್ತಿಬಟ್ಟೆಗೆ ಬೆಲೆಯಾಗಿ ಸಮುದ್ರ ದಾಟಿ ನಮ್ಮ ಕಡೆ ಬರುತ್ತಲೇ ಇದ್ದವು.

ಆ ರಾತ್ರಿಯ ತಿರುಳು ನನಗೆ ಇದೇ. ರೋಮಿನ ಪತನಕ್ಕೆ ಕಾರಣಗಳು ಅಂತ ನೋಟ್ಸ್‌ನಲ್ಲಿ ಉದ್ದ ಪಟ್ಟಿಯಿತ್ತು: ಅನಾಗರಿಕರ ದಾಳಿ, ತೆರಿಗೆ ಭಾರ, ವಿಲಾಸ. ವಿಲಾಸವೆಂಬ ಕಾರಣವನ್ನು ನಾನು ಇವತ್ತಿಗೂ ನಂಬುವುದಿಲ್ಲ. ಸಾಮ್ರಾಜ್ಯ ಅತಿ ಗಟ್ಟಿಯಾಗಿದ್ದ ಕಾಲದಲ್ಲೂ ರೋಮಿನ ಶ್ರೀಮಂತರು ಅಷ್ಟೇ ವಿಲಾಸಿಗಳಾಗಿದ್ದರು. ಆದರೆ ಅಧಿಕಾರ ಕೈಬದಲಾಗಲು ಒಪ್ಪಿತವಾದ ದಾರಿಯಿಲ್ಲದಿರುವುದು ಬೇರೆಯೇ ಮಾತು. ರಾಜತ್ವವನ್ನು ಗಣರಾಜ್ಯದ ಹೊದಿಕೆಯೊಳಗೆ ಬಚ್ಚಿಟ್ಟ ಮೇಲೆ ಮುಂದಿನವನು ಯಾರೆಂದು ಹೇಳುವ ಕಾನೂನು ಮಾಡುವುದಾದರೂ ಹೇಗೆ? ಮೇಷ್ಟ್ರು ಸೌದೆ ಹೊರುವ ನಾಲ್ಕು ಹುಡುಗರ ಕಡೆ ತಿರುಗಿ, “ಹೇಳ್ರಪ್ಪ, ಯಾರು ಏನು ಕೊಟ್ಟರೆ ಯಾರ ಕಡೆ?” ಅಂದರು. ಒಬ್ಬ ತನ್ನ ಪಾಲಿನ ಚಿಕ್ಕಿ ಕೊಡುತ್ತೇನೆ ಅಂದ, ಇನ್ನೊಬ್ಬಳು ಚಿಕ್ಕಿಯ ಜೊತೆ ಬಾಳೆಹಣ್ಣೂ ಅಂದಳು. ಕೂಗು ಏರುತ್ತ ಹೋಯಿತು. ಕ್ರಿ.ಶ. 193ರಲ್ಲಿ ಚಕ್ರವರ್ತಿಯನ್ನು ಕೊಂದ ಕಾವಲುಪಡೆ ಪಟ್ಟವನ್ನು ನಿಜವಾಗಿಯೇ ಹರಾಜಿಗಿಟ್ಟಿತ್ತು. ಆಳೊಬ್ಬನಿಗೆ 25,000 ಸೆಸ್ಟರ್ಸ್ ಅಂತ ಕೂಗಿ ಗೆದ್ದವನು ಡಿಡಿಯಸ್ ಜೂಲಿಯಾನಸ್. 66 ದಿನ ಆಳಿದ, ಆಮೇಲೆ ಅವನನ್ನೂ ಕೊಂದರು.

235ರಿಂದ 284ರವರೆಗಿನ ಐವತ್ತು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಚಕ್ರವರ್ತಿಗಳಾದರು; ಬಹಳಷ್ಟು ಜನ ತಮ್ಮ ಸೈನಿಕರ ಕೈಯಲ್ಲೇ ಸತ್ತರು. ಹೊಸಬ ಬಂದಾಗಲೆಲ್ಲ ದಂಡಿಗೆ ಇನಾಮು ಹಂಚಬೇಕು. ಬೆಳ್ಳಿ ಸಾಲದೆ ತಾಮ್ರ ಬೆರೆಸಿದರು. ಚಂದ್ರವಳ್ಳಿಗೆ ಬಂದ ಕಾಲದ ನಾಣ್ಯ ಹೆಚ್ಚುಕಡಿಮೆ ಶುದ್ಧ ಬೆಳ್ಳಿ. 270ರ ಹೊತ್ತಿಗೆ ಟಂಕಿಸಿದ್ದರಲ್ಲಿ ಬೆಳ್ಳಿ ನೂರಕ್ಕೆ ಐದು ಪಾಲೂ ಇರಲಿಲ್ಲ. ಬೆಲೆ ಏರಿತು, ಡಯೋಕ್ಲೀಷಿಯನ್ 301ರಲ್ಲಿ ವಸ್ತುವಸ್ತುವಿಗೂ ದರ ಕಟ್ಟಿ, ಮೀರಿದವರಿಗೆ ಮರಣದಂಡನೆ ಅಂತ ಶಾಸನ ಹೊರಡಿಸಿದರೂ ತಡೆಯಲಾಗಲಿಲ್ಲ. ಆದರೂ ಸಾಮ್ರಾಜ್ಯವನ್ನು ಎತ್ತಿ ನಿಲ್ಲಿಸಿದವನು ಅವನೇ. ಮುಂದೆ ಸಾಮ್ರಾಜ್ಯ ಪೂರ್ವ, ಪಶ್ಚಿಮ ಅಂತ ಎರಡಾಯಿತು. ಪಶ್ಚಿಮ ಭಾಗಕ್ಕೆ ಏಳಲಾಗದ ಪೆಟ್ಟು ಬಿದ್ದದ್ದು 439ರಲ್ಲಿ, ವಾಂಡಲರು ಕಾರ್ಥೇಜ್ ಹಿಡಿದಾಗ. ರೋಮಿಗೆ ಧಾನ್ಯವೂ ತೆರಿಗೆಯೂ ಬರುತ್ತಿದ್ದದ್ದು ಆಫ್ರಿಕದ ಆ ಕರಾವಳಿಯಿಂದ. ತೆರಿಗೆಯಿಲ್ಲದೆ ದಂಡಿಲ್ಲ, ದಂಡಿಲ್ಲದೆ ಉಳಿದ ಪ್ರಾಂತಗಳ ತೆರಿಗೆಯೂ ಇಲ್ಲ. 476ರಲ್ಲಿ ಒಡೊವಾಕರ್ ಎಂಬ ದಂಡನಾಯಕ ಪಶ್ಚಿಮದ ಕೊನೆಯ ಚಕ್ರವರ್ತಿಯಾಗಿದ್ದ ಹುಡುಗನೊಬ್ಬನನ್ನು ಇಳಿಸಿ, ಜೀವನಾಂಶ ಕೊಟ್ಟು ಕಂಪಾನಿಯಾಗೆ ಕಳಿಸಿದ.

“ಆಗ ಸೆನೆಟ್ ಏನಾಯ್ತು ಸಾರ್?” ಅಂತ ನಾನು ಕೇಳಿದೆ.

ಸೆನೆಟ್ ಕೂತೇ ಇತ್ತು. ರಾಜಚಿಹ್ನೆಗಳನ್ನು ಪೂರ್ವದ ಚಕ್ರವರ್ತಿಯಿದ್ದ ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿಕೊಟ್ಟು, ನಮಗೆ ಬೇರೆ ಚಕ್ರವರ್ತಿ ಬೇಡ ಅಂತ ತಿಳಿಸಿತು. ಕಾನ್ಸಲರ ನೇಮಕವೂ ನಿಲ್ಲಲಿಲ್ಲ. ಚಕ್ರವರ್ತಿಯಲ್ಲದವನೊಬ್ಬ ಕೊನೆಯದಾಗಿ ಕಾನ್ಸಲ್ ಆದದ್ದು 541ರಲ್ಲಿ. ಸೆನೆಟ್ ಸೇರುತ್ತಿದ್ದ ಕಟ್ಟಡ 630ರ ಸುಮಾರಿಗೆ ಚರ್ಚ್ ಆಯಿತು. ಪೂರ್ವದ ರೋಮ್ 1453ರವರೆಗೆ ಬದುಕಿತ್ತು.

ಮಾತು ಮುಗಿಯುವ ಮೊದಲು ಹಿರಿಯೂರಿನ ಗೆಳತಿ ಕೇಳಿದಳು: “ಸಾರ್, ರೋಮಿನೊಳಗಿನವರ ಮಾತಾಯ್ತು. ಹೊರನಾಡಿನ ಜನರಿಗೆ ಗಣರಾಜ್ಯ ಏನು ಕೊಟ್ಟಿತ್ತು?” ಮೇಷ್ಟ್ರು ವೆರ್ರೆಸ್‌ನ ಹೆಸರು ಹೇಳಿದರು. ಕ್ರಿ.ಪೂ. 73ರಿಂದ 71ರವರೆಗೆ ಸಿಸಿಲಿಯ ಗವರ್ನರ್. ರೈತರ ಧಾನ್ಯ, ಗುಡಿಗಳ ವಿಗ್ರಹ ಯಾವುದನ್ನೂ ಬಿಡದೆ ದೋಚಿದವನು. ವಾಗ್ಮಿ ಸಿಸೆರೊ ಅವನ ಮೇಲೆ ಮೊಕದ್ದಮೆ ನಡೆಸಿದ.

ಅಷ್ಟು ಸಾಕಾಯಿತು ಅವಳಿಗೆ. ಮಲಗುವ ಕೋಣೆಯಲ್ಲಿ ಕಂಬಳಿ ಹೊದ್ದುಕೊಂಡೇ ಶುರುಮಾಡಿದಳು: “ನೀನು ಟ್ರಿಬ್ಯೂನ್ ಆಗಿದ್ದೆ, ಅದಕ್ಕೆ ನಿನಗೆ ಹೊಟ್ಟೆ ಉರಿ ಕಣೇ. ಸಿಸಿಲಿ ರೈತನ್ನ ಕೇಳು. ಅಗಸ್ಟಸ್ ಬಂದ ಮೇಲೆ ಇನ್ನೂರು ವರ್ಷ ನೆಮ್ಮದಿಯಾಗಿ ಉತ್ತು ಬಿತ್ತ.” ಆ ನೆಮ್ಮದಿ ಒಬ್ಬೊಬ್ಬ ಚಕ್ರವರ್ತಿಯ ಆಯುಸ್ಸಿಗೆ ಕಟ್ಟುಬಿದ್ದಿತ್ತು ಅಂತ ನಾನು. ಇಬ್ಬರೂ ಈಗ ಇತಿಹಾಸ ಪಾಠ ಮಾಡುತ್ತೇವೆ, ಇಬ್ಬರೂ ಸೋತಿಲ್ಲ. ಈಚೆಗೆ ಫೋನಿನಲ್ಲಿ ಹೊಸ ಅಸ್ತ್ರ ತೆಗೆದಳು: ಇಟಲಿಯ ಮಿತ್ರರಿಗೇ ಪೌರತ್ವ ಕೊಡಲೊಪ್ಪದೆ ಯುದ್ಧಕ್ಕಿಳಿದದ್ದು ನಿನ್ನ ಗಣರಾಜ್ಯ, ಸಾಮ್ರಾಜ್ಯದ ಸ್ವತಂತ್ರ ಜನರಿಗೆಲ್ಲ 212ರಲ್ಲಿ ಪೌರತ್ವ ಕೊಟ್ಟವನು ಕ್ಯಾರಕಲ್ಲಾ ಎಂಬ ಚಕ್ರವರ್ತಿ. ಅದು ಪ್ರೀತಿಯಿಂದಲ್ಲ, ಪೌರರಿಂದ ವಸೂಲು ಮಾಡುವ ತೆರಿಗೆ ಹೆಚ್ಚಲಿ ಅಂತ, ಆ ಕಾಲದಲ್ಲೇ ಬದುಕಿದ್ದ ಕ್ಯಾಸಿಯಸ್ ಡಿಯೋನೇ ಹಾಗೆ ಬರೆದಿದ್ದಾನೆ ಅಂದೆ. “ಅವನು ಸೆನೆಟರ್ ಅಲ್ವೇನೇ,” ಅಂದಳು, “ಇನ್ನು ಹೇಗೆ ಬರೀತಾನೆ?”