53ನೇ ಪೋರ್ಟ್

2020ರ ಜುಲೈ. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಸಾಗರ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದಿದ್ದೆ. ಉಪ್ಪರಿಗೆಯ ಮೇಲೆ ಅಡಿಕೆ ಮೂಟೆಗಳನ್ನು ಒಂದು ಬದಿಗೆ ಸರಿಸಿ, ಕಿಟಕಿ ಪಕ್ಕ ಮೇಜು ಹಾಕಿಕೊಂಡಿದ್ದೆ. ಲ್ಯಾಂಡ್‌ಲೈನ್ ಮೇಲೆ ಬರುವ ಬ್ರಾಡ್‌ಬ್ಯಾಂಡ್ ಇತ್ತು. ಮೊಬೈಲ್ ಸಿಗ್ನಲ್ ಬೇಕಾದರೆ ತೋಟ ದಾಟಿ ಗುಡ್ಡ ಹತ್ತಬೇಕು.

ಏಪ್ರಿಲ್‌ನಿಂದ ನಮ್ಮ ಕಂಪನಿಯಲ್ಲಿ ಜನರನ್ನು ಕೆಲಸದಿಂದ ಕಳಿಸುತ್ತಿದ್ದರು. ನಮ್ಮ ತಂಡದಲ್ಲೂ ಕಳಿಸಿದ್ದರು. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಅದರಲ್ಲಿದ್ದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಅವರು ದಾವಣಗೆರೆಗೆ ವಾಪಸು ಹೋದರು. ಉಳಿದವರಿಗೆ ಅರ್ಧ ಸಂಬಳ. ನಮ್ಮ ಮನೆಗೆ ತಿಂಗಳು ತಿಂಗಳು ಬರುತ್ತಿದ್ದ ಹಣ ಅದೊಂದೇ.

ನಮ್ಮದು ಸಹಕಾರ ಸಂಘಗಳ ಲೆಕ್ಕಪತ್ರದ ಸಾಫ್ಟ್‌ವೇರ್. ಪ್ರತಿ ಸಂಘಕ್ಕೂ ಅದರದೇ ವೆಬ್ ವಿಳಾಸ. ಯಾವ ಹೆಸರಿನಿಂದ ಬಂದರು ಎಂಬುದನ್ನು ನೋಡಿ ಯಾವ ಸಂಘದ ಖಾತೆ ತೆರೆಯಬೇಕೆಂದು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಪರೀಕ್ಷೆ ಮಾಡುವಾಗ ಅದು ತಾನೇ ಹೊಸ ಹೊಸ ಸಂಘಗಳನ್ನು ಹುಟ್ಟಿಸುತ್ತದೆ. ಆಫೀಸಿನ ಸರ್ವರ್‌ನಲ್ಲಿ ಇದಕ್ಕೆಲ್ಲ ವ್ಯವಸ್ಥೆ ಇತ್ತು. ಮಳೆ ಹಿಡಿದ ಮೇಲೆ ಅಲ್ಲಿಗೆ ಸೇರಿಸುವ ವಿಪಿಎನ್ ನಿಲ್ಲುತ್ತಿರಲಿಲ್ಲ. ಕಟ್ಟಾಗುವುದು, ಸೇರುವುದು, ಮತ್ತೆ ಕಟ್ಟಾಗುವುದು. ಶುಕ್ರವಾರ ಸಂಜೆ ಮ್ಯಾನೇಜರ್, ಸೋಮವಾರ ಬೆಳಿಗ್ಗೆ ಪರೀಕ್ಷೆಯ ಪೂರ್ತಿ ರಿಪೋರ್ಟ್ ಬೇಕು ಎಂದರು. ದನಿ ಏರಿಸಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಎಲ್ಲವನ್ನೂ ನನ್ನ ಲ್ಯಾಪ್‌ಟಾಪ್‌ನಲ್ಲೇ ಓಡಿಸಬೇಕಾಯಿತು. ಡೇಟಾಬೇಸ್ ಕೂತಿತು. ವೆಬ್ ಸರ್ವರ್ ಕೂತಿತು. ಉಳಿದದ್ದು ಹೆಸರುಗಳು, ಯಾವ ಹೆಸರಿಗೆ ಯಾವ ಅಂಕಿಯ ವಿಳಾಸ ಎಂಬುದು. ಹೋಸ್ಟ್ಸ್ ಫೈಲ್‌ನಲ್ಲಿ ಒಂದೊಂದು ಹೆಸರನ್ನೂ ಕೈಯಲ್ಲಿ ಬರೆಯಬೇಕು, 'ಇದರಲ್ಲಿ ಕೊನೆಗೊಳ್ಳುವ ಎಲ್ಲವೂ' ಎಂದು ಅಲ್ಲಿ ಬರೆಯಲು ಬರುವುದಿಲ್ಲ. ಹಿಂದೆ ಇಡೀ ನೆಟ್‌ವರ್ಕಿನ ಹೆಸರುಗಳೂ ಹೀಗೆ ಒಂದೇ ಫೈಲ್‌ನಲ್ಲಿದ್ದವು. ಅದು ಸಾಲದಾದಾಗಲೇ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್ಎಸ್ ರೂಪಿಸಿದ್ದು. ನನಗೂ ಈಗ ಸ್ವಂತ ಡಿಎನ್ಎಸ್ ಸರ್ವರ್ ಬೇಕಿತ್ತು. ಡಿಎನ್ಎಸ್‌ಮಾಸ್ಕ್ ಆಯ್ದುಕೊಂಡೆ. ಚಿಕ್ಕದು. ನಮ್ಮ ಪರೀಕ್ಷೆಯ ಹೆಸರುಗಳೆಲ್ಲ .ಲೋಕಲ್‌ನಲ್ಲಿ ಮುಗಿಯುತ್ತಿದ್ದವು. ಅಂಥ ಎಲ್ಲ ಹೆಸರಿಗೂ 127.0.0.1, ಅಂದರೆ ಇದೇ ಲ್ಯಾಪ್‌ಟಾಪ್, ಎಂದು ಉತ್ತರ ಕೊಡು ಎನ್ನಲು ಒಂದೇ ಸಾಲು ಸಾಕು.

ಇನ್‌ಸ್ಟಾಲ್ ಆಯಿತು. ಶುರುವಾಗಲಿಲ್ಲ. 53ನೇ ಪೋರ್ಟ್ ಆಗಲೇ ಬಳಕೆಯಲ್ಲಿದೆ ಎಂದಿತು. ಡಿಎನ್ಎಸ್ ಪ್ರಶ್ನೆಗಳು ಬರುವುದು ಆ ಪೋರ್ಟಿಗೆ. ನನ್ನ ಲ್ಯಾಪ್‌ಟಾಪ್‌ನಲ್ಲಿದ್ದ ಉಬುಂಟು 18.04ರಲ್ಲಿ ಸಿಸ್ಟಂಡಿ-ರಿಸಾಲ್ವ್ಡ್ ಎಂಬುದು 127.0.0.53 ವಿಳಾಸದಲ್ಲಿ ಅದನ್ನು ಹಿಡಿದು ಕೂತಿರುತ್ತದೆ. ಅದನ್ನು ನಿಲ್ಲಿಸಿದೆ. ಹೆಸರನ್ನು ಯಾರಲ್ಲಿ ಕೇಳಬೇಕೆಂದು ಬರೆದಿರುವ ರಿಸಾಲ್ವ್.ಕಾನ್ಫ್ ನಿಜವಾದ ಫೈಲ್ ಆಗಿರಲಿಲ್ಲ, ಬೇರೆಡೆಗೆ ತೋರಿಸುವ ಲಿಂಕ್ ಆಗಿತ್ತು. ಲಿಂಕ್ ತೆಗೆದೆ. ಹೊಸ ಫೈಲ್ ಮಾಡಿ, ನೇಮ್‌ಸರ್ವರ್ 127.0.0.1 ಎಂದು ಬರೆದೆ. ಡಿಎನ್ಎಸ್‌ಮಾಸ್ಕ್ ಎದ್ದಿತು.

ಹೊರಗಿನ ಎಲ್ಲವೂ ಹೋಯಿತು.

ಬ್ರೌಸರ್‌ನಲ್ಲಿ ಒಂದು ಪುಟವೂ ತೆರೆಯಲಿಲ್ಲ. ವಿಪಿಎನ್ ತನ್ನ ಸರ್ವರ್ ಸಿಗುತ್ತಿಲ್ಲ ಎಂದಿತು. ಚಾಟ್‌ನಲ್ಲಿ ನನ್ನ ಹೆಸರಿನ ಪಕ್ಕದ ಹಸಿರು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು. ಆ ದಿನಗಳಲ್ಲಿ ಆ ಚುಕ್ಕೆಯನ್ನು ನೋಡುವವರಿದ್ದರು. ಲೈನ್ ಸತ್ತಿದೆಯೇ ಎಂದು ಹೊರಗಿನ ಡಿಎನ್ಎಸ್ ಸರ್ವರ್ ಆದ 8.8.8.8ಕ್ಕೆ ಪಿಂಗ್ ಕೊಟ್ಟೆ. ಉತ್ತರ ಬಂತು. ಲೈನ್ ಚೆನ್ನಾಗಿಯೇ ಇತ್ತು. ಅಂಕಿಯಲ್ಲಿ ಕೇಳಿದರೆ ಸಿಗುತ್ತಿತ್ತು, ಹೆಸರಿನಲ್ಲಿ ಕೇಳಿದರೆ ಏನೂ ಇಲ್ಲ. ಏನು ಮಾಡಬೇಕೆಂದು ಹುಡುಕುವುದಕ್ಕೂ ಹೆಸರೇ ಬೇಕು.

ರಾತ್ರಿ ಹತ್ತು ದಾಟಿತ್ತು. ಕಂಬಳಿ ಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು ಗುಡ್ಡಕ್ಕೆ ಹೋದೆ. ಮೊಬೈಲಿನಲ್ಲಿ ಸಿಗ್ನಲ್ ಒಂದು ಕಡ್ಡಿ ಬರುವುದು, ಹೋಗುವುದು. ಪುಟ ಅರ್ಧ ತೆರೆದು ನಿಂತಿತು. ಮಳೆ ಜೋರಾದಾಗ ಇಳಿದು ಬಂದೆ. ಹಿಮ್ಮಡಿಯ ಹತ್ತಿರ ಉಂಬಳ ಹತ್ತಿತ್ತು. ಅಮ್ಮ ಸುಣ್ಣ ಹಚ್ಚಿದರು. "ಆಫೀಸಿನವರು ಬೈದ್ರೇನೋ?" ಎಂದರು. ಇಲ್ಲ ಎಂದೆ.

ಮತ್ತೆ ಉಪ್ಪರಿಗೆಗೆ ಹೋದೆ. ಕೈ ಸ್ವಲ್ಪ ನಡುಗುತ್ತಿತ್ತು. ಚಳಿಯಿಂದಲೂ ಇರಬಹುದು. ಲಾಗ್ ತೆಗೆದೆ. ಅದರಲ್ಲಿ ಒಂದು ಸಾಲು ಇತ್ತು: ಇಗ್ನೋರಿಂಗ್ ನೇಮ್‌ಸರ್ವರ್ 127.0.0.1, ಲೋಕಲ್ ಇಂಟರ್‌ಫೇಸ್. ಅದನ್ನು ಓದುತ್ತಾ ಕೂತೆ. ತನಗೆ ಗೊತ್ತಿಲ್ಲದ ಹೆಸರನ್ನು ಯಾರಲ್ಲಿ ಕೇಳಬೇಕೆಂದು ತಿಳಿಯಲು ಡಿಎನ್ಎಸ್‌ಮಾಸ್ಕ್ ರಿಸಾಲ್ವ್.ಕಾನ್ಫ್ ನೋಡುತ್ತದೆ. ಅಲ್ಲಿ ಇದ್ದದ್ದು ಅದರದೇ ವಿಳಾಸ. ತನ್ನನ್ನು ತಾನೇ ಕೇಳಿಕೊಳ್ಳಲಾರದೆ ಅದನ್ನು ಬಿಟ್ಟಿತ್ತು. ಬೇರೆ ವಿಳಾಸ ಇರಲಿಲ್ಲ.

ಆ ರಾತ್ರಿ ನನ್ನ ಕೈಗೆ ಸಿಕ್ಕ ಒಂದೇ ಸಹಾಯ ಮ್ಯಾನ್ ಪುಟ, ಅಂದರೆ ಅದರ ಕೈಪಿಡಿ. ಪ್ಯಾಕೇಜ್ ಜೊತೆಗೇ ಲ್ಯಾಪ್‌ಟಾಪ್‌ನಲ್ಲಿ ಬಂದು ಕೂತಿರುತ್ತದೆ, ಇಂಟರ್‌ನೆಟ್ ಬೇಡ. ಬಹಳ ಉದ್ದ. ಮೇಲಿನಿಂದ ಕೆಳಗಿನವರೆಗೆ ಓದಿದೆ. ನೋ-ರಿಸಾಲ್ವ್ ಎಂಬ ಆಯ್ಕೆ ಇತ್ತು. ರಿಸಾಲ್ವ್.ಕಾನ್ಫ್ ನೋಡಬೇಡ ಎಂದು ಅದರ ಅರ್ಥ. ಸರ್ವರ್ ಎಂಬ ಇನ್ನೊಂದು ಇತ್ತು. ಹೊರಗಿನ ಹೆಸರನ್ನು ಇವರಲ್ಲಿ ಕೇಳು ಎಂದು. ಎರಡನ್ನೂ ಬರೆದು 8.8.8.8 ಕೊಟ್ಟೆ. ಪುಟದ ಕೊನೆಯಲ್ಲಿ ಬರೆದವರ ಹೆಸರು ಸೈಮನ್ ಕೆಲ್ಲಿ ಎಂದಿತ್ತು. ಆ ಸಾಫ್ಟ್‌ವೇರ್ ಬರೆದವರೂ ಅವರೇ. ಪುಟಗಳು ತೆರೆದವು. ಚುಕ್ಕೆ ಹಸಿರಾಯಿತು. ಮಲಗಿದೆ. ನಿದ್ದೆ ಬರಲಿಲ್ಲ.

ಶನಿವಾರ ಬೇರೆ ತೊಂದರೆ. ಡಿಗ್ ಎಂಬ ಕಮಾಂಡ್ ಹಾಕಿ ಸಂಘ14.ಲೋಕಲ್ ಎಲ್ಲಿದೆ ಎಂದು ಕೇಳಿದರೆ 127.0.0.1 ಎನ್ನುತ್ತಿತ್ತು. ಬ್ರೌಸರ್ ಅಂಥ ಹೆಸರೇ ಇಲ್ಲ ಎನ್ನುತ್ತಿತ್ತು. ಪಿಂಗ್ ಕೂಡ ಇಲ್ಲ ಎಂದಿತು. ಒಂದೇ ಲ್ಯಾಪ್‌ಟಾಪ್, ಎರಡು ಉತ್ತರ. ಕ್ಯಾಶ್ ಖಾಲಿ ಮಾಡಿದೆ. ರೀಸ್ಟಾರ್ಟ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಊಟ ಸೇರಲಿಲ್ಲ. ಪೂರ್ತಿ ಕೆಟ್ಟಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಅನ್ನಿಸುತ್ತದೆ. ಒಂದು ಕಡೆ ಸರಿ ಇದ್ದದ್ದರಿಂದಲೇ ಎಲ್ಲಿ ಹುಡುಕಬೇಕೆಂದು ತಿಳಿಯುತ್ತಿರಲಿಲ್ಲ.

ಮೇಡಂಗೆ ಫೋನ್ ಮಾಡಬಹುದಿತ್ತು. ಅವರನ್ನು ಕಳಿಸಿದ ಕಂಪನಿಯ ಕೆಲಸಕ್ಕೆ ಅವರನ್ನೇ ಕೇಳಲು ಮನಸ್ಸಾಗಲಿಲ್ಲ. ಸಂಜೆವರೆಗೆ ತಡೆದೆ. ಆಮೇಲೆ ಲ್ಯಾಂಡ್‌ಲೈನ್‌ನಿಂದ ಮಾಡಿದೆ. ಮೊದಲು ಅಮ್ಮ, ಅಪ್ಪ ಹೇಗಿದ್ದಾರೆ ಎಂದು ಕೇಳಿದರು. ವಿಷಯ ಹೇಳಿದೆ.

"ಡಿಗ್ ನಂಬಬ್ಯಾಡ. ಅದು ನೇರ ಡಿಎನ್ಎಸ್‌ಗೇ ಹೋಗಿ ಕೇಳ್ತದೆ. ಗೆಟೆಂಟ್ ಹೋಸ್ಟ್ಸ್ ಹಾಕು. ಬ್ರೌಸರ್ ಹೋಗೋ ದಾರಿ ಅದು."

ಫೋನಿನ ವೈರು ಉಪ್ಪರಿಗೆವರೆಗೆ ಬರುವುದಿಲ್ಲ. ಮೆಟ್ಟಿಲು ಹತ್ತಿ ಹಾಕಿದೆ, ಇಳಿದು ಹೇಳಿದೆ. ಖಾಲಿ ಬಂತು. ಎನ್ಎಸ್‌ಸ್ವಿಚ್.ಕಾನ್ಫ್ ತೆಗೆದು ಹೋಸ್ಟ್ಸ್ ಎಂಬ ಸಾಲು ಓದು ಎಂದರು. ಹೆಸರನ್ನು ಯಾವ ಕ್ರಮದಲ್ಲಿ ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ ಸಾಲು ಅದು. ಹಾಳೆಯಲ್ಲಿ ಬರೆದುಕೊಂಡು ಬಂದು ಓದಿದೆ. ಫೈಲ್ಸ್. ಎಂಡಿಎನ್ಎಸ್4 ಮಿನಿಮಲ್. ಚೌಕ ಬ್ರಾಕೆಟ್ ಒಳಗೆ ನಾಟ್‌ಫೌಂಡ್ ಈಕ್ವಲ್ ರಿಟರ್ನ್. ಕೊನೆಗೆ ಡಿಎನ್ಎಸ್.

"ಅಲ್ಲೇ ಐತೆ ನೋಡು," ಎಂದರು.

.ಲೋಕಲ್ ಎಂಬುದು ಮಲ್ಟಿಕಾಸ್ಟ್ ಡಿಎನ್ಎಸ್‌ಗೆ ಸೇರಿದ್ದು. ಒಂದೇ ಮನೆಯ, ಒಂದೇ ಆಫೀಸಿನ ಪ್ರಿಂಟರು, ಕಂಪ್ಯೂಟರುಗಳು ಸರ್ವರ್ ಇಲ್ಲದೆ ಒಂದನ್ನೊಂದು ಕೂಗಿ ಕೇಳುವ ಪದ್ಧತಿ ಅದು. 2013ರಲ್ಲಿ ಮಾನದಂಡವಾಯಿತು. ಉಬುಂಟು .ಲೋಕಲ್ ಹೆಸರು ಕಂಡರೆ ಮೊದಲು ಹಾಗೆ ಕೂಗುತ್ತದೆ. ಯಾರೂ ಓಗೊಡದಿದ್ದರೆ ಅಲ್ಲಿಂದಲೇ ವಾಪಸು. ನನ್ನ ಡಿಎನ್ಎಸ್‌ಮಾಸ್ಕ್‌ವರೆಗೆ ಪ್ರಶ್ನೆ ಬರುತ್ತಲೇ ಇರಲಿಲ್ಲ.

.ಲೋಕಲ್ ಎಂಬ ಹೆಸರು ಆಫೀಸಿಗೆ ಬಂದ ಕಥೆ ಮೇಡಂಗೇ ಗೊತ್ತಿತ್ತು. ಮೊದಲು ನಾವು .ಡೆವ್ ಬಳಸುತ್ತಿದ್ದೆವು. ಅದು ಗೂಗಲ್ ಪಾಲಾಗಿತ್ತು. 2017ರ ಡಿಸೆಂಬರ್‌ನಲ್ಲಿ ಬಂದ ಕ್ರೋಮ್ 63, .ಡೆವ್ ಹೆಸರುಗಳನ್ನೆಲ್ಲ ಎಚ್‌ಟಿಟಿಪಿಎಸ್‌ಗೆ ತಳ್ಳತೊಡಗಿತು. ಒಂದು ಬೆಳಿಗ್ಗೆ ಯಾರ ಪುಟವೂ ತೆರೆಯಲಿಲ್ಲ. ಆಗ ಅವಸರದಲ್ಲಿ ಎಲ್ಲರೂ .ಲೋಕಲ್‌ಗೆ ಬಂದರು. .ಟೆಸ್ಟ್ ಇಡೋಣ ಎಂದು ಮೇಡಂ ಅಂದೇ ಹೇಳಿದ್ದರಂತೆ. ಪರೀಕ್ಷೆಗೆಂದೇ 1999ರಲ್ಲಿ ಕಾಯ್ದಿರಿಸಿದ ಹೆಸರು ಅದು, ಯಾರಿಗೂ ಮಾರುವಂತಿಲ್ಲ. ಈಗ ಆ ಮಾತನ್ನು ಅವರು ಎತ್ತಿ ಆಡಲಿಲ್ಲ. "ಟೆಸ್ಟ್ ಅಂತ ಮಾಡ್ಕೋ, ಮುಗೀತು," ಎಂದರಷ್ಟೆ.

ಕೋಡ್‌ನಲ್ಲೆಲ್ಲ ಹೆಸರು ಬದಲಿಸಲು ಮಧ್ಯರಾತ್ರಿಯಾಯಿತು. ಸಂಘ14.ಟೆಸ್ಟ್ ಎಂದು ಹೊಡೆದೆ. ಲಾಗಿನ್ ಪುಟ ಬಂತು. ಮೇಲೆ ಸಂಘದ ಹೆಸರು, ಕೆಳಗೆ ಎರಡು ಖಾಲಿ ಪೆಟ್ಟಿಗೆ. ದಿನಾ ನೋಡುವ ಪುಟವೇ. ಸುಮಾರು ಹೊತ್ತು ಅದನ್ನು ಮುಚ್ಚಲಿಲ್ಲ.

ಭಾನುವಾರ ಪರೀಕ್ಷೆ ಅರ್ಧ ಓಡಿದಾಗ ಕರೆಂಟ್ ಹೋಯಿತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇತ್ತು, ರೌಟರ್‌ಗೆ ಇರಲಿಲ್ಲ. ಕರೆಂಟ್ ಬಂದಾಗ .ಟೆಸ್ಟ್ ಹೆಸರುಗಳು ಮಾಯವಾಗಿದ್ದವು. ಎದೆ ಹೊಡೆದುಕೊಳ್ಳುವುದು ನನಗೇ ಕೇಳಿಸಿತು. ರಿಸಾಲ್ವ್.ಕಾನ್ಫ್ ತೆಗೆದೆ. ಜನರೇಟೆಡ್ ಬೈ ನೆಟ್‌ವರ್ಕ್‌ಮ್ಯಾನೇಜರ್ ಎಂದು ಮೊದಲ ಸಾಲಿನಲ್ಲೇ ಬರೆದಿತ್ತು. ರೌಟರ್ ಎದ್ದೊಡನೆ ನೆಟ್‌ವರ್ಕ್‌ಮ್ಯಾನೇಜರ್ ನಾನು ಬರೆದದ್ದನ್ನು ಅಳಿಸಿ ರೌಟರಿನ ವಿಳಾಸ ಹಾಕಿತ್ತು. ಅದರ ಕಾನ್ಫಿಗರೇಶನ್‌ನಲ್ಲಿ ಡಿಎನ್ಎಸ್ ಈಕ್ವಲ್ ನನ್ ಎಂದು ಸೇರಿಸಿದೆ. ರೌಟರನ್ನು ನಾನೇ ಆರಿಸಿ ಹಾಕಿ ನೋಡಿದೆ. ಫೈಲ್ ಹಾಗೇ ಇತ್ತು. ಪರೀಕ್ಷೆಯನ್ನು ಮೊದಲಿನಿಂದ ಓಡಿಸಿದೆ.

ರಿಪೋರ್ಟ್ ಸೋಮವಾರ ಬೆಳಗಾಗುವ ಮುಂಚೆ ಹೋಯಿತು. ಮೀಟಿಂಗ್‌ನಲ್ಲಿ ಅದರ ಬಗ್ಗೆ ಹೆಚ್ಚು ಮಾತಾಗಲಿಲ್ಲ. ಆ ತಿಂಗಳು ನನ್ನ ಕೆಲಸ ಉಳಿಯಿತು. ಮೇಡಂ ನನ್ನ ಹತ್ತಿರ ಏನೂ ಕೇಳಿರಲಿಲ್ಲ. ನಾನೇ ಮ್ಯಾನೇಜರ್‌ಗೆ ಫೋನ್ ಮಾಡಿ, ಅವರನ್ನು ವಾಪಸು ಕರೆಯಲು ಆಗುತ್ತದೆಯೇ ಎಂದು ಕೇಳಿದೆ. ಬಜೆಟ್ ಇಲ್ಲ ಎಂದರು. ಮೇಡಂಗೆ ಹೇಳಿದೆ. "ಗೊತ್ತಿತ್ತು ಬಿಡು," ಎಂದರು. ಆಮೇಲೆ, ಹೊರಗಿನ ಹೆಸರಿಗೆ 8.8.8.8 ಒಂದೇ ಕೊಟ್ಟಿದ್ದೀಯಾ, 1.1.1.1 ಕೂಡ ಸೇರಿಸಿಕೋ ಎಂದರು. ಸೇರಿಸಿದೆ.